ಒತ್ತಿದ ಕಾಲಿಗೂ ಓಡುವ ಚಕ್ರಕ್ಕೂ ನಡುವಿನ ಎರಡು ಸೆಕೆಂಡು: ದಾವಣಗೆರೆಯ ಒಂದು ಆಟೋಮ್ಯಾಟಿಕ್ ಕಾರಿನ ಪ್ರಕರಣ

ದಾವಣಗೆರೆಯಲ್ಲಿ ಕಾರುಗಳ ಎಲೆಕ್ಟ್ರಾನಿಕ್ ದೋಷ ಪತ್ತೆ ಮಾಡುವ ಸಣ್ಣ ಗ್ಯಾರೇಜು ನನ್ನದು. ಸ್ಪ್ಯಾನರ್ ಹಿಡಿಯುವ ಕೆಲಸಕ್ಕಿಂತ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಓದುವ ಕೆಲಸವೇ ಇಲ್ಲಿ ಹೆಚ್ಚು. ಕೆಲವು ವರ್ಷಗಳಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರುತ್ತಿದೆ: ಗಾಡಿ ಹೊಸದು, ಮೀಟರ್‌ನಲ್ಲಿ ಯಾವ ಎಚ್ಚರಿಕೆ ದೀಪವೂ ಇಲ್ಲ, ಆದರೆ ಆಕ್ಸಿಲರೇಟರ್ ಒತ್ತಿದ ತಕ್ಷಣ ಎಳೆಯುವುದಿಲ್ಲ. ಇಂಥ ದೂರನ್ನು ಬಹುತೇಕ ಕಡೆ "ಆಟೋಮ್ಯಾಟಿಕ್ ಅಂದ್ರೆ ಹಾಗೇ" ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಅಲ್ಲ ಎಂಬುದನ್ನು ಅಳೆದು ತಿಳಿಯುವ ಅವಕಾಶ 2025ರ ಬೇಸಿಗೆಯಲ್ಲಿ ಒಂದು ಕಾರಿನಿಂದ ಸಿಕ್ಕಿತು. ಅದನ್ನು ಮಾಲೀಕರ ಒಪ್ಪಿಗೆ ಪಡೆದು ಇಲ್ಲಿ ದಾಖಲಿಸುತ್ತಿದ್ದೇನೆ. ಅವರ ಹೆಸರು, ಕಾರಿನ ಕಂಪನಿ ಮತ್ತು ಮಾದರಿಯನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಇದ್ದ ಹಾಗೆಯೇ ಕೊಟ್ಟಿದ್ದೇನೆ.

ಹಿನ್ನೆಲೆ

ಮಾಲೀಕರಿಗೆ ಐವತ್ತೈದರ ಆಸುಪಾಸಿನ ವಯಸ್ಸು, ನಗರದಲ್ಲಿ ವ್ಯಾಪಾರ. ಇಪ್ಪತ್ತಾರು ವರ್ಷ ಕ್ಲಚ್ ಇರುವ ಗಾಡಿಗಳನ್ನೇ ಓಡಿಸಿದವರು. ಎಡ ಮೊಣಕಾಲಿನ ನೋವು ಹೆಚ್ಚಾದಾಗ ಮಗನ ಒತ್ತಾಯಕ್ಕೆ 2022ರ ಕೊನೆಯಲ್ಲಿ ಆಟೋಮ್ಯಾಟಿಕ್ ಕಾರು ಕೊಂಡರು. ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ (ಹೆಚ್ಚು ಗಾಳಿ ಒತ್ತಿ ತುಂಬುವ) ಪೆಟ್ರೋಲ್ ಎಂಜಿನ್, ಎರಡು ಕ್ಲಚ್ ಬಳಸಿ ತಾನೇ ಗೇರ್ ಬದಲಿಸುವ ಏಳು ಗೇರಿನ ಒಣ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ನಮ್ಮಲ್ಲಿಗೆ ಬರುವಾಗ 31,000 ಕಿಲೋಮೀಟರ್ ಓಡಿತ್ತು. ದಿನದ ಓಡಾಟ ಪಿ.ಬಿ. ರಸ್ತೆ, ಮಂಡಿಪೇಟೆ, ಅಶೋಕ ರಸ್ತೆಯ ರೈಲ್ವೆ ಗೇಟ್ ಸುತ್ತಮುತ್ತ. ವಾರಕ್ಕೆ ಎರಡು ಸಲ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಪ್ರಯಾಣ.

ಮುಂದಿನದು ಅರ್ಥವಾಗಲು ಒಂದು ವಿಷಯ ಹೇಳಿಕೊಳ್ಳಬೇಕು. ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರ್ ಪೆಡಲ್ಲಿನಿಂದ ಎಂಜಿನ್ನಿಗೆ ಒಂದು ಉಕ್ಕಿನ ಕೇಬಲ್ ಹೋಗುತ್ತಿತ್ತು. ಕಾಲು ಒತ್ತಿದಷ್ಟು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ತೆರೆಯುತ್ತಿತ್ತು, ನಡುವೆ ಕೇಳುವವರು ಯಾರೂ ಇರಲಿಲ್ಲ. ಈಗಿನ ಪೆಟ್ರೋಲ್ ಕಾರಿನಲ್ಲಿ ಪೆಡಲ್ ಒಂದು ಕೋರಿಕೆ ಮಾತ್ರ. ಪೆಡಲ್ಲಿನ ಬುಡದಲ್ಲಿ ಎರಡು ಸೆನ್ಸರ್‌ಗಳಿದ್ದು, ಸಾಮಾನ್ಯವಾಗಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧದಷ್ಟಿರುತ್ತದೆ. ಎರಡೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಎಂಜಿನ್ನಿನ ಕಂಪ್ಯೂಟರ್ ಆ ಕೋರಿಕೆಯನ್ನು ನಂಬುತ್ತದೆ. ಆಮೇಲೆ ಎಷ್ಟು ಗಾಳಿ ಬಿಡಬೇಕು, ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಯಾವ ಗೇರ್ ಬೇಕು, ಕ್ಲಚ್ಚನ್ನು ಎಷ್ಟು ಬೇಗ ಹಿಡಿಸಬೇಕು ಎಂದು ಎರಡು ಕಂಪ್ಯೂಟರ್‌ಗಳು ಪರಸ್ಪರ ಕೇಳಿಕೊಂಡು ತೀರ್ಮಾನಿಸುತ್ತವೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಜಾರಿಯಾಗಿ, 2023ರ ಏಪ್ರಿಲ್‌ನಿಂದ ರಸ್ತೆಯ ಮೇಲಿನ ನಿಜವಾದ ಹೊಗೆಯ ಅಳತೆಯೂ ಲೆಕ್ಕಕ್ಕೆ ಬಂದ ಮೇಲೆ ಈ ತೀರ್ಮಾನಗಳು ಇನ್ನಷ್ಟು ಬಿಗಿಯಾಗಿವೆ. ಥ್ರಾಟಲ್ ಒಮ್ಮೆಲೇ ತೆರೆದರೆ ಗಾಳಿ-ಇಂಧನದ ಪ್ರಮಾಣ ಏರುಪೇರಾಗಿ ಹೊಗೆ ಕೆಡುವುದರಿಂದ ಕಂಪ್ಯೂಟರ್ ಅದನ್ನು ತುಸು ಮೃದುವಾಗಿ ತೆರೆಯುತ್ತದೆ. ಇಂಧನ ಉಳಿತಾಯಕ್ಕಾಗಿ ಗೇರ್‌ಬಾಕ್ಸ್ ಆದಷ್ಟು ಬೇಗ ಮೇಲಿನ ಗೇರಿಗೆ ಹೋಗಿ ಕೂರುತ್ತದೆ. ಆದ್ದರಿಂದ ಹೊಸ ಆಟೋಮ್ಯಾಟಿಕ್ ಕಾರಿನಲ್ಲಿ ಸ್ವಲ್ಪ ತಡ ಇರುವುದು ಹುಟ್ಟುಗುಣವೇ ಹೌದು. ಆ ಸ್ವಲ್ಪ ಎಂದರೆ ಎಷ್ಟು ಎಂಬುದನ್ನು ಅಳೆಯದೆ ಹೇಳುವುದು ತಪ್ಪು.

ದೂರು

ಮಾರ್ಚ್ ತಿಂಗಳ ಒಂದು ಸಂಜೆ ಮಾಲೀಕರು ಪತ್ನಿಯೊಂದಿಗೆ ಚಿತ್ರದುರ್ಗದ ಕಡೆ ಹೊರಟಿದ್ದರು. ಆನಗೋಡಿನ ಸಮೀಪ ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವ ಜಾಗದಲ್ಲಿ ವೇಗ ಇಳಿಸಿ, ಹಿಂದೆ ಬರುತ್ತಿದ್ದ ಲಾರಿ ಸಾಕಷ್ಟು ದೂರವಿದೆ ಎಂದು ಕನ್ನಡಿಯಲ್ಲಿ ನೋಡಿ ಖಾತ್ರಿಪಡಿಸಿಕೊಂಡು ಆಕ್ಸಿಲರೇಟರ್ ಒತ್ತಿದರು. ಕಾರು ಅರ್ಧ ಹೆದ್ದಾರಿಗೆ ಬಂದು ಅಲ್ಲಿಯೇ ಉಳಿಯಿತು. ಎಂಜಿನ್ನಿನ ಸದ್ದೂ ಏರಲಿಲ್ಲ. ಅವರು ಇನ್ನೂ ಜೋರಾಗಿ ಒತ್ತಿದರು. ಆಮೇಲೆ ಕಾರು ಒಮ್ಮೆಲೇ ಮುಂದಕ್ಕೆ ನೆಗೆಯಿತು. ಅಷ್ಟರಲ್ಲಿ ಲಾರಿಯವನು ಹಾರ್ನ್ ಒತ್ತಿಕೊಂಡು ಬಲಕ್ಕೆ ಎಳೆದು ಪಾರುಮಾಡಿದ್ದ. ಆ ದಿನದಿಂದ ಅವರ ಪತ್ನಿ ಆ ಕಾರಿನಲ್ಲಿ ಹೆದ್ದಾರಿಗೆ ಬರುವುದನ್ನೇ ನಿಲ್ಲಿಸಿದರು.

"ಒತ್ತಿದ ಮೇಲೆ ಒಂದ್ಸಲ ಯೋಚನೆ ಮಾಡಿ ಆಮೇಲೆ ಹೋಗ್ತತಿ ಸಾರ್" ಎಂದು ಅವರು ಹೇಳಿದರು. ಅದರ ಜೊತೆಗೆ, ಭರಮಸಾಗರದ ಕಡೆ ಲಾರಿಗಳನ್ನು ಹಿಂದಿಕ್ಕುವಾಗಲೂ ಗಾಡಿಗೆ ಮೊದಲಿನ ಪಿಕಪ್ ಇಲ್ಲ ಎಂದರು. ಈ ಎರಡು ಮಾತನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ನಾನೂ ಅದನ್ನು ಒಂದೇ ದೂರು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಅದು ನನ್ನ ಮೊದಲ ತಪ್ಪು.

ನಮ್ಮಲ್ಲಿಗೆ ಬರುವ ಮೊದಲು ಮಾಡಿ ನೋಡಿದ್ದು

ಘಟನೆಯ ಮರುದಿನವೇ ಅವರು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿದ್ದರು. ಅಲ್ಲಿಯ ತಂತ್ರಜ್ಞರು ದೋಷಸಂಕೇತ ಓದಿ, ತಾವೇ ಒಂದು ಸುತ್ತು ಓಡಿಸಿ ನೋಡಿ, ಯಾವ ತೊಂದರೆಯೂ ಇಲ್ಲ ಎಂದು ಜಾಬ್ ಕಾರ್ಡ್‌ನಲ್ಲಿ ಬರೆದುಕೊಟ್ಟರು. ಮುಂದೆ ಪರಿಚಯದವರೊಬ್ಬರು ಎಥನಾಲ್ ಬೆರೆಸಿದ ಇ-20 ಪೆಟ್ರೋಲ್ ಮೇಲೆ ಸಂಶಯಪಟ್ಟರು. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಶೇಕಡಾ 20ರಷ್ಟು ಬೆರೆತಾಗ ಒಂದು ಲೀಟರಿನಲ್ಲಿ ಶೇಕಡಾ 7ರ ಆಸುಪಾಸು ಶಕ್ತಿ ಇಳಿಯುತ್ತದೆ. ಅದು ಮೈಲೇಜಿನಲ್ಲಿ ಕಾಣಬಹುದೇ ಹೊರತು ಪೆಡಲ್ ಒತ್ತಿದ ಮೇಲೆ ಎರಡು ಸೆಕೆಂಡು ಕಾಯಿಸುವುದಿಲ್ಲ. ಆದರೂ ಅವರು ಎರಡು ಟ್ಯಾಂಕ್ ದುಬಾರಿ ಪೆಟ್ರೋಲ್ ಹಾಕಿಸಿ ನೋಡಿದರು, ವ್ಯತ್ಯಾಸವಾಗಲಿಲ್ಲ. ಇನ್ನೊಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಬಿಚ್ಚಿ ಇಂಗಾಲದ ಮಸಿ ತೊಳೆದರು. ಮಸಿ ನಿಜಕ್ಕೂ ಸ್ವಲ್ಪ ಇತ್ತಂತೆ; ತೊಳೆದ ಮೇಲೆ ನಿಂತಲ್ಲಿನ ಎಂಜಿನ್ ನಡುಕ ಕಡಿಮೆಯಾಯಿತು, ತಡ ಹಾಗೆಯೇ ಉಳಿಯಿತು.

ಕೊನೆಗೆ ಅವರು ಹಾಕಿಸಿದ್ದು ಪೆಡಲ್ ಬಾಕ್ಸ್. ಇದು ಪೆಡಲ್ಲಿನ ಸೆನ್ಸರ್‌ಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ. ಎಂಜಿನ್ನಿನ ಶಕ್ತಿಯನ್ನು ಇದು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಕಾಲು ನೂರಕ್ಕೆ 30 ಭಾಗ ಒತ್ತಿದರೆ ಕಂಪ್ಯೂಟರಿಗೆ 50 ಎಂದು ಹೇಳುತ್ತದೆ, ಅಷ್ಟೇ. ಹಾಕಿಸಿದ ಮೊದಲ ವಾರ ಲಾರಿ ಹಿಂದಿಕ್ಕುವಾಗ ಗಾಡಿ ಚುರುಕಾಯಿತು ಎಂದು ಅವರಿಗೆ ಸಂತೋಷವಾಗಿತ್ತು. ಆದರೆ ಹೆದ್ದಾರಿ ಸೇರುವ ಜಾಗದ ತಡ ಹೋಗಲಿಲ್ಲ. ಮೇಲಾಗಿ ರೈಲ್ವೆ ಗೇಟ್ ಬಳಿ ಇಂಚಿಂಚು ಸಾಗುವಾಗ ಕಾರು ಜರ್ಕ್ ಹೊಡೆಯತೊಡಗಿತು. ಒಮ್ಮೆ ಬಿಸಿಲಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆಯೂ ಬಂತು. ಒಣ ಕ್ಲಚ್ಚಿಗೆ ತಂಪು ಮಾಡುವ ಎಣ್ಣೆ ಇರುವುದಿಲ್ಲ. ಜಾರಿಸಿದಷ್ಟೂ ಅದು ಕಾಯುತ್ತದೆ. ಆ ಎಚ್ಚರಿಕೆ ಬಂದ ಮರುದಿನ ಅವರು ನಮ್ಮಲ್ಲಿಗೆ ಬಂದರು.

ನಾವು ಮಾಡಿದ್ದು

ಮೊದಲ ದಿನ ನಾನು ಒಬ್ಬನೇ ಕಾರನ್ನು ಓಡಿಸಿಕೊಂಡು ಬಾತಿ ಗುಡ್ಡದ ಕಡೆ ಹೋಗಿ ಬಂದೆ. ಯಾವ ತೊಂದರೆಯೂ ಕಾಣಲಿಲ್ಲ. ಟರ್ಬೊ ಗಾಳಿ ತುಂಬಿಕೊಳ್ಳುವ ತುಸು ತಡ ಇತ್ತು, ಅದು ಎಲ್ಲ ಸಣ್ಣ ಟರ್ಬೊ ಎಂಜಿನ್‌ಗಳಲ್ಲೂ ಇರುತ್ತದೆ. ಇಲ್ಲಿಗೆ ನಿಲ್ಲಿಸಿ, "ಗಾಡಿ ಸರಿ ಇದೆ, ನಿಮಗೆ ಅಭ್ಯಾಸವಾಗಬೇಕು" ಎಂದು ಹೇಳಿ ಕಳಿಸುವ ಮನಸ್ಸು ಬಂದಿದ್ದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಮುಂದೆ ಕೂತಿದ್ದವರು ಇಪ್ಪತ್ತಾರು ವರ್ಷ ಗಾಡಿ ಓಡಿಸಿದವರು. ಅವರಿಗೆ ಆದ ಭಯ ಸುಳ್ಳಲ್ಲ. ಹಾಗಾಗಿ ಮರುದಿನ ಬೆಳಿಗ್ಗೆ ಆರಕ್ಕೆ ಬರಹೇಳಿ, ಓಡಾಟವಿಲ್ಲದ ಸರ್ವಿಸ್ ರಸ್ತೆಯೊಂದರಲ್ಲಿ ಅವರನ್ನೇ ಓಡಿಸಲು ಬಿಟ್ಟು, ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂರುವುದೆಂದು ನಿರ್ಧರಿಸಿದೆ. ಇಡೀ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟ ನಿರ್ಧಾರ ಇದೇ.

ಅದಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ಪೆಡಲ್ ಬಾಕ್ಸ್ ಇದ್ದರೆ ಸ್ಕ್ಯಾನರ್ ತೋರಿಸುವ ಪೆಡಲ್ ಸಂಖ್ಯೆ ಕಾಲಿನದ್ದಲ್ಲ, ಬಾಕ್ಸ್ ಹೇಳಿದ್ದು. ಹಾಗಾಗಿ ಅದನ್ನು ಬಿಚ್ಚಿ, ಕಂಪನಿಯ ಮೂಲ ಸಾಕೆಟ್ಟನ್ನೇ ಸಿಕ್ಕಿಸಿದೆವು. ಎಂಜಿನ್ ಶುರುಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಪೆಡಲ್ಲನ್ನು ನೆಲ ಮುಟ್ಟುವವರೆಗೆ ಒತ್ತಲು ಹೇಳಿದೆ. ಸ್ಕ್ಯಾನರ್‌ನಲ್ಲಿ 79 ಬಂತು. ಇನ್ನೂ ಒತ್ತಿ ಎಂದರೂ 79.

ಕೆಲವು ಕಾರುಗಳಲ್ಲಿ ಸಾಮಾನ್ಯ ಸ್ಕ್ಯಾನರ್ ತೋರಿಸುವ ಮೂಲ ಸಂಖ್ಯೆ ಪೂರ್ತಿ ಒತ್ತಿದರೂ 100 ತಲುಪುವುದಿಲ್ಲ, ಆದ್ದರಿಂದ 79 ಎಂದರೆ ದೋಷ ಎಂದು ತಕ್ಷಣ ಹೇಳುವಂತಿಲ್ಲ. ನಾನು ಬಾಗಿಲ ಬಳಿ ಮಂಡಿಯೂರಿ ಕೂತು ಟಾರ್ಚ್ ಹಾಕಿ ಪೆಡಲ್ಲಿನ ಕೆಳಗೆ ನೋಡಿದೆ. ಕಂದು ಬಣ್ಣದ ದಪ್ಪನೆಯ ಚರ್ಮದಂಥ ಮ್ಯಾಟ್, ಮೇಲೆ ವಜ್ರಾಕಾರದ ಹೊಲಿಗೆ. ಅದರಡಿಯಲ್ಲಿ ಕಾರಿನ ಜೊತೆಗೆ ಬಂದಿದ್ದ ಮೂಲ ಮ್ಯಾಟ್ ಹಾಗೆಯೇ ಇತ್ತು. ಎರಡೂ ಸೇರಿ ಹೆಬ್ಬೆರಳಿನಷ್ಟು ದಪ್ಪ. ಆಕ್ಸಿಲರೇಟರಿನ ತುದಿ ತಾಗುವ ಜಾಗದಲ್ಲಿ ಹೊಲಿಗೆ ಸವೆದು ಬಿದಿಗೆಯ ಚಂದ್ರನಂಥ ಒಂದು ಗುರುತು ಬಿದ್ದಿತ್ತು. ತಿಂಗಳುಗಟ್ಟಲೆ ಪೆಡಲ್ ಅಲ್ಲಿಗೆ ಬಂದು ನಿಂತ ಸಾಕ್ಷಿ ಅದು. ಎರಡೂ ಮ್ಯಾಟ್ ಎಳೆದು ತೆಗೆದು ಮತ್ತೆ ಒತ್ತಿಸಿದಾಗ 100 ಬಂತು, ಕೊನೆಯಲ್ಲಿ ಕಿಕ್‌ಡೌನ್‌ನ "ಟಕ್" ಎಂಬ ತಡೆ ಕಾಲಿಗೆ ತಿಳಿಯಿತು. "ಈ ಸದ್ದು ನಾನು ಕೇಳಿ ಎಷ್ಟು ದಿನ ಆತು!" ಎಂದು ಮಾಲೀಕರು ಬೆರಗಾದರು. ಮ್ಯಾಟ್ ಹಾಕಿಸಿದ್ದು 2023ರ ದೀಪಾವಳಿಗೆ. ಪಿಕಪ್ ಕಡಿಮೆಯಾಗಿದೆ ಎಂದು ಅನ್ನಿಸಲು ಶುರುವಾಗಿದ್ದೂ ಹೆಚ್ಚುಕಡಿಮೆ ಆಗಿನಿಂದಲೇ; ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಕಿಕ್‌ಡೌನ್ ಎಂದರೆ, ಚಾಲಕನಿಗೆ ತುರ್ತಾಗಿ ಎಲ್ಲ ಶಕ್ತಿಯೂ ಬೇಕಾಗಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸುವ ಕೊನೆಯ ಹಂತ. ಅದು ಸಿಕ್ಕಾಗ ಗೇರ್‌ಬಾಕ್ಸ್ ಎರಡು ಗೇರ್ ಕೆಳಗಿಳಿಯಲೂ ಹಿಂಜರಿಯುವುದಿಲ್ಲ. ಈ ಕಾರಿನಲ್ಲಿ ಒಂದೂವರೆ ವರ್ಷ ಆ ಹಂತವೇ ಇರಲಿಲ್ಲ. ಪೆಡಲ್ ಬಾಕ್ಸ್ ಹಾಕಿದಾಗ ಲಾರಿ ಹಿಂದಿಕ್ಕುವುದು ಸುಲಭವಾದ ಕಾರಣವೂ ಈಗ ತಿಳಿಯಿತು: ಕಾಲಿನ 79ನ್ನು ಅದು 100 ಎಂದು ಹೇಳುತ್ತಿತ್ತು. ಮ್ಯಾಟಿನ ದೋಷವನ್ನು ಬಾಕ್ಸ್ ಮುಚ್ಚಿಟ್ಟಿತ್ತು. ಅದನ್ನು ಬಿಚ್ಚದೆ ಅಳೆದಿದ್ದರೆ ಪೆಡಲ್ ಸರಿಯಾಗಿದೆ ಎಂದೇ ನಾನು ಬರೆಯುತ್ತಿದ್ದೆ.

ಪೆಡಲ್ಲಿನ ಕೆಳಗಿನ ಮ್ಯಾಟ್ ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. 2009ರಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಗಿ ಬಂದದ್ದು ಮ್ಯಾಟಿಗೆ ಪೆಡಲ್ ಸಿಕ್ಕಿಕೊಂಡು ಕಾರು ನಿಲ್ಲದೆ ಓಡುವ ಅಪಾಯದಿಂದ. ಅಲ್ಲಿ ಒತ್ತಿದ ಪೆಡಲ್ ಮೇಲೇಳುತ್ತಿರಲಿಲ್ಲ, ಇಲ್ಲಿ ಒತ್ತಿದರೆ ಕೆಳಗಿಳಿಯುತ್ತಿರಲಿಲ್ಲ. ಆ ಪ್ರಕರಣದ ನಂತರ ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಒತ್ತಿದರೆ ಎಂಜಿನ್ನಿನ ಶಕ್ತಿ ಇಳಿಸುವ ವ್ಯವಸ್ಥೆ ಕಾರುಗಳಲ್ಲಿ ವ್ಯಾಪಕವಾಯಿತು. ನಮ್ಮ ಕಾರಿನ ಮುಂದಿನ ಗಂಟಿನ ಹಿಂದೆ ಇದ್ದದ್ದೂ ಆ ವ್ಯವಸ್ಥೆಯೇ.

ಮ್ಯಾಟ್ ಸಿಕ್ಕಿದ ಖುಷಿಯಲ್ಲಿ ಕೆಲಸ ಮುಗಿಯಿತು ಎಂದುಕೊಂಡೆವು. ಮ್ಯಾಟ್ ತೆಗೆದೇ ಸರ್ವಿಸ್ ರಸ್ತೆಗೆ ಹೋದೆವು. ಗಂಟೆಗೆ 60ರಿಂದ 90 ಕಿಲೋಮೀಟರ್ ವೇಗ ತಲುಪಲು ಮೊದಲು 8.2 ಸೆಕೆಂಡು ಬೇಕಿತ್ತು, ಈಗ 6 ಸಾಕಾಯಿತು. ಆದರೆ ಹೆದ್ದಾರಿ ಸೇರುವಂತೆ ವೇಗ ಇಳಿಸಿ ಕನ್ನಡಿ ನೋಡಿ ಒತ್ತುವ ಅಭ್ಯಾಸ ಮಾಡಿಸಿದಾಗ ಕಾರು ಮತ್ತೆ ಹಾಗೆಯೇ ತಡವರಿಸಿತು. ಐದು ಸಲ ಮಾಡಿದೆವು. ಒತ್ತಿದ ಕ್ಷಣದಿಂದ ವೇಗ ಏರಲು ಶುರುವಾಗುವವರೆಗೆ 1.9ರಿಂದ 2.6 ಸೆಕೆಂಡು, ಸರಾಸರಿ 2.3. ಅದೇ ರಸ್ತೆಯಲ್ಲಿ ನಾನು ಓಡಿಸಿದರೆ 1.3. ದೂರು ಒಂದಲ್ಲ, ಎರಡು ಎಂದು ನನಗೆ ಅರಿವಾದದ್ದು ಆಗ.

ಎರಡನೆಯದರ ಸುಳಿವು ಕೊಟ್ಟವನು ನಮ್ಮಲ್ಲಿ ಕೆಲಸ ಕಲಿಯುತ್ತಿರುವ ಹುಡುಗ. ಅವನು ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಗಾಡಿ ನಿಲ್ಲಿಸಿದಾಗ ನನ್ನನ್ನು ಬದಿಗೆ ಕರೆದು, "ಅಣ್ಣಾ, ಅವ್ರು ರೇಸ್ ಕೊಡೋವಾಗ ಹಿಂದಿನ ಬ್ರೇಕ್ ಲೈಟ್ ಉರೀತಾನೇ ಇರ್ತತಿ" ಎಂದ. ಸ್ಕ್ಯಾನರ್‌ನಲ್ಲಿ ಬ್ರೇಕ್ ಸ್ವಿಚ್ಚಿನ ಸಾಲನ್ನು ನಾನು ತೆರೆದೇ ಇರಲಿಲ್ಲ. ತೆರೆದು ಮತ್ತೆ ಓಡಿಸಿ, ದಾಖಲೆಯನ್ನು ಒಂದೊಂದು ಸಾಲಾಗಿ ಓದಿದೆವು. ಕಾರು ಮೂರನೇ ಗೇರಿನಲ್ಲಿ ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಉರುಳುತ್ತಿದೆ. ಬಲಗಾಲು ಆಕ್ಸಿಲರೇಟರ್ ಮುಟ್ಟುತ್ತದೆ, 0.3 ಸೆಕೆಂಡಿನಲ್ಲಿ ಪೆಡಲ್ 62 ತಲುಪುತ್ತದೆ. ಬ್ರೇಕ್ ಸ್ವಿಚ್ ಇನ್ನೂ ಆನ್. ಎಂಜಿನ್ ಸುತ್ತು 1,100ರಲ್ಲೇ ನಿಂತಿದೆ. 0.9 ಸೆಕೆಂಡಿಗೆ ಬ್ರೇಕ್ ಆಫ್ ಆಗುತ್ತದೆ. 1.3ಕ್ಕೆ ಗೇರ್ ಮೂರರಿಂದ ಎರಡಕ್ಕೆ ಇಳಿಯುತ್ತದೆ. ಆಮೇಲೆ ಕ್ಲಚ್ ಹಿಡಿಯುತ್ತದೆ, ಆಮೇಲೆ ಟರ್ಬೊ ತುಂಬುತ್ತದೆ. 2.3ಕ್ಕೆ ವೇಗದ ಸಂಖ್ಯೆ ಮೊದಲ ಬಾರಿ ಮೇಲೇಳುತ್ತದೆ.

ಅಂದರೆ ಒಂದರ ಹಿಂದೊಂದು ಸಾಲು ನಿಂತ ತಡಗಳು ಇವು. ಅವರ ಎಡಗಾಲು ಬ್ರೇಕ್ ಪೆಡಲ್ಲಿನ ಮೇಲೆ ಹಗುರಾಗಿ ಕೂತಿತ್ತು. ಕಾರು ನಿಧಾನವಾಗುವಷ್ಟು ಅದು ಒತ್ತುತ್ತಿರಲಿಲ್ಲ, ಆದರೆ ಸ್ವಿಚ್ ಆನ್ ಆಗಲು ಕೆಲವೇ ಮಿಲಿಮೀಟರ್ ಸಾಕು. ಬ್ರೇಕ್ ಒತ್ತಿದೆ ಎಂದು ತಿಳಿದೊಡನೆ ಎಂಜಿನ್ನಿನ ಕಂಪ್ಯೂಟರ್ ಶಕ್ತಿ ತಡೆಯುತ್ತದೆ; ಕಡಿಮೆ ವೇಗದಲ್ಲಿ ಗೇರ್‌ಬಾಕ್ಸ್ ಕ್ಲಚ್ಚನ್ನು ಬಿಡಿಸಿಟ್ಟುಕೊಳ್ಳುತ್ತದೆ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಬೆಸ ಸಂಖ್ಯೆಯ ಗೇರ್‌ಗಳಿಗೆ ಒಂದು ಕ್ಲಚ್, ಸರಿ ಸಂಖ್ಯೆಯವಕ್ಕೆ ಇನ್ನೊಂದು. ಮುಂದಿನ ಗೇರ್ ಯಾವುದು ಬೇಕಾದೀತು ಎಂದು ಅದು ಮೊದಲೇ ಊಹಿಸಿ ಸಿದ್ಧ ಮಾಡಿಟ್ಟುಕೊಳ್ಳುತ್ತದೆ, ಊಹೆ ಸರಿಯಾದಾಗ ಬದಲಾವಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ಒಂದು ಕಾಲು ನಿಲ್ಲು ಎಂದೂ ಇನ್ನೊಂದು ಹೋಗು ಎಂದೂ ಹೇಳುತ್ತಿರುವಾಗ ಅದು ಯಾವುದನ್ನು ಊಹಿಸಬೇಕು? ನಾನು ಮತ್ತು ಸರ್ವಿಸ್ ಕೇಂದ್ರದವರು ಬಲಗಾಲು ಮಾತ್ರ ಬಳಸಿ ಓಡಿಸಿದ್ದರಿಂದ ಈ ತಡ ನಮ್ಮ ಕಣ್ಣಿಗೆ ಬೀಳುವುದು ಸಾಧ್ಯವೇ ಇರಲಿಲ್ಲ.

ಇದನ್ನು ಮಾಲೀಕರಿಗೆ ಹೇಳುವುದು ಸುಲಭವಾಗಿರಲಿಲ್ಲ. ನಿಮ್ಮದೇ ತಪ್ಪು ಎಂದು ಕೇಳಿಸಬಾರದು, ಏಕೆಂದರೆ ಅದು ಪೂರ್ತಿ ನಿಜವೂ ಅಲ್ಲ. ದಾಖಲೆಯ ಗೆರೆಗಳನ್ನು ಅವರಿಗೇ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಕಾರಿನ ಬಳಿ ಹೋಗಿ ಕೂತು, ಎಡಗಾಲನ್ನು ಅತ್ತ ಇತ್ತ ಇಟ್ಟು ನೋಡಿದರು. "ಈ ಮ್ಯಾಟ್ ಹಾಕಿಸಿದ ಮೇಲೆ ಎಡಗಾಲು ಇಡೋ ಜಾಗ ಎತ್ತರ ಆಗಿ ಮೊಣಕಾಲು ನೋಯ್ತಿತ್ತು, ಅದಕ್ಕೆ ಕಾಲು ಒಳಗೆ ತಗಂಡು ಕೂರ್ತಿದ್ದೆ" ಎಂದರು. ಎಡಗಡೆಯ ಪಾದಪಟ್ಟಿಯನ್ನೂ ಆ ದಪ್ಪ ಮ್ಯಾಟ್ ಮುಚ್ಚಿತ್ತು. ಒಳಗೆ ಸರಿದ ಕಾಲು, ಹೆದ್ದಾರಿ ಸೇರುವಂಥ ಆತಂಕದ ಹೊತ್ತಿನಲ್ಲಿ, ಇಪ್ಪತ್ತಾರು ವರ್ಷ ಕ್ಲಚ್ ತುಳಿದ ರೂಢಿಯಿಂದ ಸಿಕ್ಕ ಪೆಡಲ್ಲಿನ ಮೇಲೆ ಕೂರುತ್ತಿತ್ತು. ಇದನ್ನು ಸಾಬೀತು ಮಾಡುವ ಅಳತೆ ನನ್ನಲ್ಲಿಲ್ಲ, ಆದರೆ ಅವರ ಮಾತು ನನಗೆ ಸರಿ ಎನಿಸುತ್ತದೆ.

ಬದಲಾವಣೆ ಮತ್ತು ಫಲಿತಾಂಶ

ಎರಡೂ ಮ್ಯಾಟ್‌ಗಳ ಪೈಕಿ ಕಂಪನಿಯದನ್ನು ಮಾತ್ರ ಅದರ ಕೊಕ್ಕೆಗಳಿಗೆ ಸಿಕ್ಕಿಸಿ ಉಳಿಸಿದೆವು. ಪೆಡಲ್ ಬಾಕ್ಸ್ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಏಳೆಂಟು ಸಾವಿರ ಕೊಟ್ಟಿದ್ದರು. ಪೆಡಲ್ ಪೂರ್ತಿ ಇಳಿಯುವಾಗ ಅದರ ಅಗತ್ಯವಿಲ್ಲ, ಆಮೆಗತಿಯ ಟ್ರಾಫಿಕ್‌ನಲ್ಲಿ ಅದು ಕ್ಲಚ್ಚನ್ನು ಅನಗತ್ಯವಾಗಿ ಕಾಯಿಸುತ್ತದೆ ಮತ್ತು ವಾರಂಟಿಗೂ ತೊಡಕಾಗಬಹುದು ಎಂದು ವಿವರಿಸಿದ ಮೇಲೆ ಒಪ್ಪಿದರು. ಒಂದು ವಾರ ಮುಂಜಾನೆ ಹೈಸ್ಕೂಲ್ ಮೈದಾನದ ಬಳಿ ಎಡಗಾಲನ್ನು ಪಾದಪಟ್ಟಿಯ ಮೇಲೆ ಇಟ್ಟುಕೊಂಡೇ ಓಡಿಸುವ ಅಭ್ಯಾಸ ಮಾಡಿದರು. ಆಮೇಲೆ ಅದೇ ಸರ್ವಿಸ್ ರಸ್ತೆಯಲ್ಲಿ ಅವರೇ ಓಡಿಸಿದಾಗ ಸರಾಸರಿ 1.3 ಸೆಕೆಂಡಿಗೆ ಇಳಿಯಿತು.

ಗೇರ್‌ಬಾಕ್ಸ್ ಕಂಪ್ಯೂಟರಿನ ಸಾಫ್ಟ್‌ವೇರ್ ಹಳೆಯ ಆವೃತ್ತಿ ಎಂಬುದೂ ಸ್ಕ್ಯಾನರ್‌ನಲ್ಲಿ ಕಂಡಿತು. ಅದನ್ನು ನಾವು ಬದಲಿಸುವಂತಿಲ್ಲ. ಎಲ್ಲ ಅಳತೆಗಳನ್ನು ಒಂದು ಪುಟದಲ್ಲಿ ಮುದ್ರಿಸಿ, ಅದರೊಂದಿಗೆ ಸರ್ವಿಸ್ ಕೇಂದ್ರಕ್ಕೆ ವಾಪಸ್ ಹೋಗಲು ಹೇಳಿದೆ. ಮೊದಲ ಸಲ "ತೊಂದರೆ ಇಲ್ಲ" ಎಂದು ಬರೆದಿದ್ದ ಜಾಗದಲ್ಲಿಯೇ ಎರಡನೇ ಸಲ ವಾರಂಟಿಯಲ್ಲಿ ಹೊಸ ಸಾಫ್ಟ್‌ವೇರ್ ಹಾಕಿ, ಕ್ಲಚ್ ಹಿಡಿಯುವ ಬಿಂದುವನ್ನು ಗೇರ್‌ಬಾಕ್ಸಿಗೆ ಹೊಸದಾಗಿ ಕಲಿಸಿಕೊಟ್ಟರು. ಬಾಯಿಮಾತಿನ ದೂರಿಗೆ ಸಿಗದ ಗಮನ ಅಂಕಿಗಳಿಗೆ ಸಿಕ್ಕಿತು. ಆ ನಂತರದ ಸರಾಸರಿ 1.1. ನಮ್ಮ ಸ್ಕ್ಯಾನರ್ ಸೆಕೆಂಡಿಗೆ ಸುಮಾರು ಐದು ಸಲ ಮಾತ್ರ ಓದುವುದರಿಂದ 0.2 ಸೆಕೆಂಡಿನ ವ್ಯತ್ಯಾಸವನ್ನು ನಾನು ಸುಧಾರಣೆ ಎಂದು ಕರೆಯುವುದಿಲ್ಲ. ಆದರೆ ರೈಲ್ವೆ ಗೇಟ್ ಬಳಿಯ ಜರ್ಕ್ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಅದರಲ್ಲಿ ಬಾಕ್ಸ್ ತೆಗೆದದ್ದರ ಪಾಲು ಎಷ್ಟು, ಸಾಫ್ಟ್‌ವೇರ್‌ನ ಪಾಲು ಎಷ್ಟು ಎಂದು ಬೇರ್ಪಡಿಸಲಾಗದು. ಒಂದೊಂದನ್ನೇ ಬದಲಿಸಿ, ಪ್ರತಿ ಸಲವೂ ಗೇಟ್ ಬಳಿ ಅಳೆಯಬೇಕಿತ್ತು.

ಉಳಿದ 1.1 ಸೆಕೆಂಡು ಆ ಕಾರಿನ ಹುಟ್ಟುಗುಣ. ಅದನ್ನು ಅವರಿಗೆ ನೇರವಾಗಿ ಹೇಳಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, 2.3 ಸೆಕೆಂಡಿಗೆ 38 ಮೀಟರ್, 1.1ಕ್ಕೆ 18. ಈ 18 ಮೀಟರನ್ನು ಲೆಕ್ಕಕ್ಕೆ ಹಿಡಿದೇ ಹೆದ್ದಾರಿ ಸೇರಬೇಕು. ಗೇರ್ ಲಿವರನ್ನು ಮ್ಯಾನುಯಲ್ ಕಡೆ ತಳ್ಳಿ ಮೊದಲೇ ಎರಡನೇ ಗೇರ್ ಹಿಡಿದಿಟ್ಟುಕೊಂಡರೆ 0.8ಕ್ಕೆ ಇಳಿಯುತ್ತದೆ ಎಂದೂ ಅಳೆದು ತೋರಿಸಿದೆ. ಎಂಜಿನ್ ಸುತ್ತು ಮೇಲಿರುವುದರಿಂದ ಟರ್ಬೊ ಬೇಗ ತುಂಬುತ್ತದೆ, ಗೇರ್ ಹುಡುಕುವ ಸಮಯವೂ ಉಳಿಯುತ್ತದೆ.

ಇಂಥದೇ ದೂರು ತಂದ ಬೇರೆ ಕಾರಿಗೆ ಈ ಉತ್ತರವೇ ಅನ್ವಯಿಸಬೇಕೆಂದಿಲ್ಲ. ಭಾರತದಲ್ಲಿ 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಮೂಲಕ ಮಧ್ಯಮ ವರ್ಗಕ್ಕೆ ತಲುಪಿದ ಎಎಂಟಿಯಲ್ಲಿ (ಮ್ಯಾನುಯಲ್ ಗೇರ್‌ಬಾಕ್ಸಿಗೇ ಕ್ಲಚ್ ಮತ್ತು ಗೇರ್ ತಾನಾಗಿ ಬದಲಿಸುವ ಸಾಧನ ಜೋಡಿಸಿದ್ದು) ಒಂದೇ ಕ್ಲಚ್ ಇರುವುದರಿಂದ ಗೇರ್ ಬದಲಾಗುವಾಗ ಎಳೆತವೇ ಕ್ಷಣಕಾಲ ನಿಲ್ಲುತ್ತದೆ. ಹಂತಗಳಿಲ್ಲದೆ ಗೇರ್ ಅನುಪಾತ ಬದಲಿಸುವ ಸಿವಿಟಿಯಲ್ಲಿ ಎಂಜಿನ್ ಸದ್ದು ಮೊದಲು ಏರಿ ವೇಗ ಹಿಂದಿನಿಂದ ಬರುತ್ತದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಣ್ಣೆಯ ಮೂಲಕ ಶಕ್ತಿ ದಾಟುವ ಮೆತ್ತಗಿನ ತಡ ಇರುತ್ತದೆ. ಆದರೆ ಅಳೆಯುವ ಕ್ರಮ ಎಲ್ಲಕ್ಕೂ ಒಂದೇ ಆಗಬಹುದು. ನಮ್ಮ ಗ್ಯಾರೇಜಿನಲ್ಲಿ ಈಗ ಇಂಥ ದೂರು ಬಂದರೆ ಹೊರಗಿನಿಂದ ಹಾಕಿಸಿದ್ದನ್ನೆಲ್ಲ ಮೊದಲು ಬಿಚ್ಚುತ್ತೇವೆ, ಪೆಡಲ್ ನೆಲದವರೆಗೆ ಒತ್ತಿಸಿ ಸಂಖ್ಯೆ ಬರೆದುಕೊಳ್ಳುತ್ತೇವೆ, ಮಾಲೀಕರನ್ನೇ ಓಡಿಸಲು ಬಿಡುತ್ತೇವೆ, ಬ್ರೇಕ್ ಸ್ವಿಚ್ಚಿನ ಸಾಲನ್ನು ತೆರೆಯದೆ ದಾಖಲೆ ಶುರುಮಾಡುವುದಿಲ್ಲ. ಯಾವ ಜಾಗದಲ್ಲಿ, ಎಷ್ಟು ವೇಗದಲ್ಲಿ, ಏನು ಮಾಡುವಾಗ ಎಂದು ಪ್ರತಿ ಸಂದರ್ಭವನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳುತ್ತೇವೆ. ಈ ಕೊನೆಯದನ್ನು ಮೊದಲ ದಿನವೇ ಮಾಡಿದ್ದರೆ ಈ ಪ್ರಕರಣದಲ್ಲಿ ಎರಡು ದಿನ ಉಳಿಯುತ್ತಿತ್ತು.

ಆಗಸ್ಟ್‌ನಲ್ಲಿ ಅವರು ಆಯಿಲ್ ಬದಲಿಸಲು ಹೋಗುವ ದಾರಿಯಲ್ಲಿ ನಮ್ಮಲ್ಲಿ ನಿಲ್ಲಿಸಿದರು. ಪತ್ನಿ ಮುಂದಿನ ಸೀಟಿನಲ್ಲಿದ್ದರು; ಚಿತ್ರದುರ್ಗಕ್ಕೆ ಹೋಗಿ ಬಂದದ್ದಾಗಿ ಹೇಳಿದರು. ಮರುದಿನ ಮತ್ತೆ ಬರಹೇಳಿ, ಅವರು ಊರೊಳಗೂ ಹೆದ್ದಾರಿಯಲ್ಲೂ ಓಡಿಸಿದ ನಲವತ್ತು ನಿಮಿಷದ ದಾಖಲೆ ತೆಗೆದುಕೊಂಡೆವು. ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಬಿದ್ದದ್ದು ಅಷ್ಟರಲ್ಲಿ ಒಂದೇ ಸಲ, ಅರ್ಧ ಸೆಕೆಂಡು. ಅದು ಎಲ್ಲಿ ಎಂದು ನಾನು ಹುಡುಕುವ ಮೊದಲೇ ಅವರು ಹೇಳಿದರು: ಗೇಟ್ ತೆಗೆದ ಕೂಡಲೆ ಎದುರಿಗೆ ಒಂದು ಎಮ್ಮೆ ಅಡ್ಡ ಬಂದಿತ್ತು.